ಗಂಟು ಕಾಣುವ ಮೊದಲೇ ಹಾಲಿನಲ್ಲಿ ನೋಡಿ

ರಾಜ್ಯದ ಪಶು ಆರೋಗ್ಯದ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ ಮತ್ತು ಹಾಲು ಒಕ್ಕೂಟಗಳ ಆಡಳಿತ ಮಂಡಳಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಬಯಲುಸೀಮೆಯ ಒಂದು ಹಳ್ಳಿಯ ಹೆಣ್ಣುಮಗಳು. ಸೀಮೆಹಸು ಸಾಕಿ, ಬೆಳಿಗ್ಗೆ ಸಂಜೆ ಊರಿನ ಡೇರಿಗೆ ಹಾಲು ಹಾಕಿ, ಬಟವಾಡೆ ದುಡ್ಡಿನಲ್ಲಿ ಮನೆ ನಡೆಸುವವಳು. ಹಸುಗಳಿಗೆ ಬರುವ ಲಿಂಫೋಮಾ, ಅಂದರೆ ಗ್ರಂಥಿಗಳ ಕ್ಯಾನ್ಸರ್ ಬಗ್ಗೆ, ಅದನ್ನು ಹರಡುವ ವೈರಸ್ ಬಗ್ಗೆ, ಅದನ್ನು ಮೊದಲೇ ಕಂಡುಹಿಡಿಯುವ ಪರೀಕ್ಷೆ ಹಳ್ಳಿಯವರ ಕೈಗೆ ಸಿಗದೇ ಇರುವ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಅರ್ಜಿ ಬರೆದು ಒಂದು ಕಚೇರಿಗೆ ಕೊಟ್ಟರೆ ಅದು ಅಲ್ಲೇ ಫೈಲಿನಲ್ಲಿ ಉಳಿಯುತ್ತದೆ. ಬೇರೆ ಹೈನುಗಾರರೂ ಓದಲಿ ಅಂತ ಬಹಿರಂಗವಾಗಿಯೇ ಬರೆದಿದ್ದೇನೆ.

ಮೊದಲು ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದು ಹೇಳುತ್ತೇನೆ. ಮೂರನೇ ಸೂಲಿನ ಹಸು, ಚೆನ್ನಾಗಿ ಹಾಲು ಕೊಡುತ್ತಿತ್ತು. ಹಾಲು ಇಳಿಯತೊಡಗಿತು. ಇಂಡಿ ಬೂಸಾ ಬಿಟ್ಟು ಬರೀ ಹಸಿ ಹುಲ್ಲು ಮೂಸುತ್ತಿತ್ತು. ನಮ್ಮ ಅತ್ತೆ ಹಸುವಿನ ಮೈ ತೊಳೆಯುವಾಗ ಅದರ ಭುಜದ ಮುಂದೆ ಕೈಗೆ ಗಂಟು ಸಿಕ್ಕಿತು, ಗಟ್ಟಿ, ಒತ್ತಿದರೆ ನೋವಿಲ್ಲ. ತೊಡೆಯ ಮುಂದೆಯೂ ಅಂಥದ್ದೇ ಇನ್ನೊಂದು. ಡಾಕ್ಟ್ರು ಬಂದು ನೋಡಿ ಥೈಲೀರಿಯಾ ಇರಬಹುದು ಎಂದರು. ಅದು ಉಣ್ಣೆ ಹುಳ ಕಚ್ಚಿ ಬರುವ ಜ್ವರ, ಅದರಲ್ಲೂ ಇದೇ ಜಾಗದ ಗ್ರಂಥಿ ಊದುತ್ತದೆ, ಹಾಗಾಗಿ ಅವರ ಅನುಮಾನ ತಪ್ಪಲ್ಲ. ದುಬಾರಿ ಇಂಜೆಕ್ಷನ್ ಕೊಡಿಸಿದೆವು. ಗಂಟು ಇಳಿಯಲಿಲ್ಲ. ಆಮೇಲೆ ಸಗಣಿ ಕಪ್ಪಗೆ ಅಂಟಂಟಾಗಿ ಬರತೊಡಗಿತು, ಒಂದು ಕಣ್ಣು ಹೊರಗೆ ಉಬ್ಬಿತು. ಡಾಕ್ಟ್ರು ಗಂಟಿಗೆ ಸೂಜಿ ಚುಚ್ಚಿ, ಬಂದ ರಸವನ್ನು ಗಾಜಿನ ಪಟ್ಟಿಗೆ ಸವರಿ ಕಳಿಸಿದರು. ಲಿಂಫೋಮಾ ಎಂದು ವರದಿ ಬರುವ ಹೊತ್ತಿಗೆ ಹಸು ಮೇಲೇಳುತ್ತಿರಲಿಲ್ಲ. ಸತ್ತ ಮೇಲೆ ಅದೇ ಡಾಕ್ಟ್ರು ಕುಯ್ದು ತೋರಿಸಿದರು. ಹೃದಯದ ಬಲಗಡೆ ಗೋಡೆಯಲ್ಲಿ, ನಾಲ್ಕನೇ ಹೊಟ್ಟೆಯ ಗೋಡೆಯಲ್ಲಿ ಬಿಳಿಚಿಕೊಂಡ ಮಾಂಸದ ಗಡ್ಡೆ ತುಂಬಿಕೊಂಡಿತ್ತು.

ಆ ಡಾಕ್ಟ್ರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ನನ್ನ ದೂರು ಶುರುವಾಗುವುದು ಅಲ್ಲಿಂದ ಮುಂದೆ.

ದೊಡ್ಡ ಹಸುಗಳಲ್ಲಿ ಈ ಕ್ಯಾನ್ಸರ್ ಬರುವುದಕ್ಕೆ ಮುಖ್ಯ ಕಾರಣ ಒಂದು ವೈರಸ್ ಎಂದು ಅವರೇ ವಿವರಿಸಿದ್ದರು. ಹಾಗಿದ್ದರೆ ಉಳಿದ ಹಸುಗಳಿಗೂ ಅದು ಇದೆಯಾ ನೋಡಬೇಕಲ್ವಾ? ರಕ್ತ ತೆಗೆಸಿಕೊಂಡು ಐಸ್ ಡಬ್ಬಿಯಲ್ಲಿಟ್ಟು ಹೊರಟೆ. ಒಂದು ಪ್ರಯೋಗಾಲಯದಲ್ಲಿ ಹಸುಗಳಿಗೆ ಗರ್ಭಪಾತ ತರುವ ಬ್ರುಸೆಲ್ಲಾ ರೋಗ ಮಾತ್ರ ನೋಡುತ್ತೇವೆ, ಈ ರೋಗದ ಪರೀಕ್ಷೆಯ ಕಿಟ್ ತರಿಸುವುದಿಲ್ಲ ಎಂದರು. ಇನ್ನೊಂದು ಕಡೆ ರೈತರು ನೇರವಾಗಿ ತಂದ ಮಾದರಿ ತಗೊಳ್ಳುವುದಿಲ್ಲ, ಪತ್ರ ತನ್ನಿ ಎಂದರು. ಪತ್ರ ತಗೊಂಡು ಹೋದಾಗ, ಒಂದು ಕಿಟ್ ಒಡೆಯಬೇಕಾದರೆ ಇನ್ನೂ ಎಷ್ಟೋ ಮಾದರಿ ಬರಬೇಕು, ನಿಮ್ಮೊಬ್ಬರಿಗೆ ಒಡೆಯಲು ಆಗುವುದಿಲ್ಲ ಎಂಬ ಉತ್ತರ ಬಂತು. ಯಾರೂ ಒರಟಾಗಿ ಮಾತಾಡಲಿಲ್ಲ. ಆದರೆ ಪರೀಕ್ಷೆಯೂ ಆಗಲಿಲ್ಲ.

ನಮ್ಮ ಹಸುವಿಗೆ ಆ ವೈರಸ್ ಇತ್ತು ಎಂದು ನಾನು ಹೇಳುತ್ತಿಲ್ಲ. ವೈರಸ್ ಇಲ್ಲದೆಯೂ ಅಪರೂಪಕ್ಕೆ ಲಿಂಫೋಮಾ ಬರುತ್ತದೆ, ಮುಖ್ಯವಾಗಿ ಎಳೆಗರುಗಳಲ್ಲಿ, ಕಡಸುಗಳಲ್ಲಿ. ಇತ್ತೋ ಇಲ್ಲವೋ ಹೇಳುವುದಕ್ಕೆ ಬೇಕಾದ ಸಣ್ಣ ಪರೀಕ್ಷೆಯೇ ನಮಗೆ ಸಿಗಲಿಲ್ಲ. ಈಗ ಕೊಟ್ಟಿಗೆಯಲ್ಲಿ ಉಳಿದಿರುವ ಹಸುಗಳ ಬಗ್ಗೆ ನಮಗೇನೂ ಗೊತ್ತಿಲ್ಲ. ಗೊತ್ತಿಲ್ಲದೇ ಹಾಲು ಕರೆಯುತ್ತಿದ್ದೇವೆ, ಗೊತ್ತಿಲ್ಲದೇ ಕರು ಮಾರುತ್ತಿದ್ದೇವೆ.

ರೋಗದ ಬಗ್ಗೆ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ, ಆದರೆ ನನ್ನಂಥವರಿಗೂ ಗೊತ್ತಾಗಬೇಕು. ಈ ರೋಗದ ಹೆಸರು ಎನ್‌ಜೂಟಿಕ್ ಬೋವೈನ್ ಲ್ಯೂಕೋಸಿಸ್. ತರುವ ವೈರಸ್‌ಗೆ ಬೋವೈನ್ ಲ್ಯುಕೇಮಿಯಾ ವೈರಸ್ ಅಥವಾ ಬಿಎಲ್‌ವಿ ಅನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನಿಸ್ ಮಿಲ್ಲರ್ ಮತ್ತು ಜೊತೆಗಾರರು 1969ರಲ್ಲಿ ಇದನ್ನು ಗುರುತಿಸಿದರು. ಹಸುವಿನ ರಕ್ತದ ಬಿಳಿಕಣಗಳಲ್ಲಿ ಬಿ ಲಿಂಫೋಸೈಟ್ ಎಂಬ ಜಾತಿ ಇದೆ, ವೈರಸ್ ಅದರೊಳಗೆ ಹೊಕ್ಕು ಅಲ್ಲೇ ಉಳಿದುಬಿಡುತ್ತದೆ. ಒಮ್ಮೆ ಬಂದರೆ ಸಾಯುವ ತನಕ ಹೋಗುವುದಿಲ್ಲ. ಔಷಧಿ ಇಲ್ಲ. ಮಾರುಕಟ್ಟೆಯಲ್ಲಿ ಲಸಿಕೆಯೂ ಇಲ್ಲ.

ಸೋಂಕು ತಗುಲಿದ ಹೆಚ್ಚಿನ ಹಸುಗಳು ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತವೆ. ಮೂರರಲ್ಲಿ ಒಂದರಷ್ಟು ಹಸುಗಳಲ್ಲಿ ಬಿಳಿಕಣ ಜಾಸ್ತಿಯಾಗಿ ಹಾಗೇ ನಿಲ್ಲುತ್ತವೆ. ಗಂಟು ಕಟ್ಟಿ ಕ್ಯಾನ್ಸರ್ ಆಗುವುದು ನೂರರಲ್ಲಿ ಐದಕ್ಕಿಂತ ಕಡಿಮೆ, ಅದೂ ಸಾಮಾನ್ಯವಾಗಿ ಮೂರು ವರ್ಷ ದಾಟಿದ ಮೇಲೆ. ಐದಕ್ಕಿಂತ ಕಡಿಮೆ ತಾನೇ ಎಂದು ಕೆಲವರು ನನಗೆ ಸಮಾಧಾನ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ಗಂಟು ಕಾಣಿಸಿಕೊಂಡ ಒಂದು ಹಸುವಿನ ಹಿಂದೆ, ಕಾಣಿಸಿಕೊಳ್ಳದೆ ವೈರಸ್ ಹೊತ್ತು ತಿರುಗುವ ಹಸುಗಳು ಎಷ್ಟೋ ಇರಬಹುದು ಎಂದು ಆ ಲೆಕ್ಕವೇ ಹೇಳುತ್ತದಲ್ಲ.

ಅದಕ್ಕೇ ಗಂಟು ನೋಡಿ ರೋಗ ಹಿಡಿಯುವುದು ತಡವಾದ ಕೆಲಸ. ಡೆನ್ಮಾರ್ಕಿನವರು 1959ರಲ್ಲೇ ಈ ರೋಗವನ್ನು ದೇಶದಿಂದ ಓಡಿಸಲು ಹೊರಟರು. ಆಗ ವೈರಸ್ ಯಾವುದೆಂದೇ ಗೊತ್ತಿರಲಿಲ್ಲ. ಬೆಂಡಿಕ್ಸನ್ ಎಂಬ ವಿಜ್ಞಾನಿ ಹಸುವಿನ ವಯಸ್ಸಿಗೆ ಬಿಳಿಕಣ ಎಷ್ಟಿರಬೇಕು ಎಂಬ ಪಟ್ಟಿ ಮಾಡಿದ್ದರು. ಅದರ ಪ್ರಕಾರ ರಕ್ತದ ಕಣ ಎಣಿಸಿ ಎಣಿಸಿ ರೋಗದ ಹಿಂಡುಗಳನ್ನು ಗುರುತಿಸುತ್ತಿದ್ದರು. ಅಷ್ಟು ಶ್ರಮ ಪಟ್ಟರೂ ಬಿಳಿಕಣ ಜಾಸ್ತಿಯಾಗದ ಹಸುಗಳು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ, ಮತ್ತು ಅಂಥವೇ ಜಾಸ್ತಿ. ವೈರಸ್ ಸಿಕ್ಕಿದ ಮೇಲೆ ದಾರಿ ಸುಲಭವಾಯಿತು. ವೈರಸ್ ಮೈಯೊಳಗೆ ಬಂದ ಕೆಲವು ವಾರಗಳಲ್ಲೇ ಹಸುವಿನ ದೇಹ ಅದರ ವಿರುದ್ಧ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ತಯಾರಿಸುತ್ತದೆ. ವೈರಸ್‌ನ ಹೊರಪದರದ ಜಿಪಿ51, ಒಳಗಿನ ಪಿ24 ಎಂಬ ಎರಡು ಪ್ರೋಟೀನುಗಳ ವಿರುದ್ಧ ಈ ಪ್ರತಿಕಾಯಗಳು ಜಾಸ್ತಿ ಇರುತ್ತವೆ, ಹಸು ಬದುಕಿರುವ ತನಕ ಉಳಿಯುತ್ತವೆ. ಗಂಟು ಏಳುವ ಎಷ್ಟೋ ವರ್ಷ ಮೊದಲೇ ಹಸುವಿನ ದೇಹವೇ ನಮಗೆ ಸುದ್ದಿ ಕೊಟ್ಟಿರುತ್ತದೆ. ಕೇಳಿಸಿಕೊಳ್ಳುವವರು ಬೇಕು.

ಆ ಪ್ರತಿಕಾಯ ಹುಡುಕುವ ಪರೀಕ್ಷೆಯೇ ಎಲೈಸಾ. ತೊಂಬತ್ತಾರು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಗುಳಿಯ ತಳಕ್ಕೆ ವೈರಸ್‌ನ ಪ್ರೋಟೀನ್ ಅಂಟಿಸಿರುತ್ತಾರೆ. ಹಸುವಿನ ರಕ್ತದ ತಿಳಿ ಭಾಗವಾದ ಸೀರಮ್ಮೋ ಹಾಲೋ ಒಂದು ಹನಿ ಹಾಕಿದರೆ, ಪ್ರತಿಕಾಯ ಇದ್ದರೆ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದಾಗ ಹೋಗುತ್ತದೆ. ಕೊನೆಗೆ ಬಣ್ಣ ಬರುತ್ತದೆ, ಯಂತ್ರ ಅದನ್ನು ಓದುತ್ತದೆ. ಕೆಲವು ಗಂಟೆಗಳ ಕೆಲಸ. ಅಗರ್ ಜೆಲ್ ಪರೀಕ್ಷೆ ಎಂಬ ಹಳೆಯದೊಂದೂ ಇದೆ, ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಎಲೈಸಾದಷ್ಟು ಸೂಕ್ಷ್ಮವೂ ಅಲ್ಲ. ಎಲೈಸಾ ಎಷ್ಟು ಸೂಕ್ಷ್ಮ ಅಂದರೆ ಹಲವು ಹಸುಗಳ ಹಾಲು ಬೆರೆತಿದ್ದರೂ ಅದರಲ್ಲಿ ಸೋಂಕಿನ ಹಸು ಇದ್ದರೆ ಹಿಡಿಯಬಲ್ಲದು. ಆಸ್ಟ್ರೇಲಿಯಾದವರು ಹೀಗೆ ಹಾಲಿನ ಟ್ಯಾಂಕಿನಿಂದ ಮಾದರಿ ತೆಗೆದು ನೋಡುತ್ತಾ ಬಂದು 2012ರ ಕೊನೆಗೆ ತಮ್ಮ ಡೇರಿ ಹಸುಗಳಲ್ಲಿ ಈ ರೋಗ ಇಲ್ಲ ಎಂದು ಸಾರಿದರು. ಬ್ರಿಟನ್ 1999ರಿಂದ ಮುಕ್ತ. ಪರೀಕ್ಷೆ ಬಿಗಿ ಮಾಡದ ಕಡೆ ಏನಾಯಿತು ಅಂತಲೂ ನೋಡಬಹುದು. ಅಮೆರಿಕದಲ್ಲಿ 2007ರ ಸಮೀಕ್ಷೆಯಲ್ಲಿ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಡೇರಿ ಫಾರಂಗಳಲ್ಲಿ ಸೋಂಕು ಸಿಕ್ಕಿತು. ಜಪಾನಿನಲ್ಲಿ 1998ರಲ್ಲಿ ವರ್ಷಕ್ಕೆ ನೂರರ ಆಸುಪಾಸು ಇದ್ದ ಪ್ರಕರಣಗಳು ಇಪ್ಪತ್ತು ವರ್ಷದೊಳಗೆ ಮೂರು ಸಾವಿರ ದಾಟಿದವು.

ನಮ್ಮ ದೇಶದ ಕಾನೂನಿಗೂ ಈ ರೋಗ ಹೊಸದಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಇದರ ಹೆಸರಿದೆ. ಪಟ್ಟಿಯಲ್ಲಿ ಇದೆ, ಹಳ್ಳಿಗೆ ಹತ್ತಿರದ ಪ್ರಯೋಗಾಲಯದಲ್ಲಿ ಕಿಟ್ ಇಲ್ಲ. ಇದನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಎಲೈಸಾ ನಮ್ಮ ರಾಜ್ಯಕ್ಕೆ ಹೊಸದು ಅಂತಲೂ ಹೇಳುವ ಹಾಗಿಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ, ಪಶುರೋಗಗಳ ಸಂಶೋಧನೆ ಮಾಡುವ ನಿವೇದಿ ಸಂಸ್ಥೆ ಬ್ರುಸೆಲ್ಲಾ ಮತ್ತು ಹಸುಗಳ ಉಸಿರಾಟದ ರೋಗವಾದ ಐಬಿಆರ್‌ಗೆ ಎಲೈಸಾ ಕಿಟ್ ತಯಾರಿಸಿದೆ. ಕಾಲುಬಾಯಿ ರೋಗದ ಲಸಿಕೆ ಹಿಡಿದಿದೆಯಾ ಅಂತ ನೋಡುವುದಕ್ಕೂ ಇದೇ ವಿಧಾನ. ತಟ್ಟೆ ಓದುವ ಯಂತ್ರ ಅದೇ, ತೊಳೆಯುವ ಯಂತ್ರ ಅದೇ, ಕೆಲಸ ಗೊತ್ತಿರುವ ಕೈಗಳೂ ಅವೇ. ಇನ್ನೊಂದು ರೋಗದ ಕಿಟ್ ಸೇರಿಸಬೇಕು ಅಷ್ಟೇ.

ಮಾದರಿ ತರುವುದು ಕಷ್ಟ ಅನ್ನುತ್ತೀರಾ? ದಯವಿಟ್ಟು ಯಾವುದಾದರೂ ಹಳ್ಳಿಯ ಡೇರಿಗೆ ಬೆಳಿಗ್ಗೆ ಆರೂವರೆಗೆ ಬಂದು ನಿಂತು ನೋಡಿ. ಒಬ್ಬೊಬ್ಬರ ಕ್ಯಾನಿನಿಂದಲೂ ಸಣ್ಣ ಬಟ್ಟಲಲ್ಲಿ ಹಾಲು ತೆಗೆದು ಯಂತ್ರಕ್ಕೆ ಹಿಡಿದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡುತ್ತಾರೆ, ಚೀಟಿ ಹರಿದು ಕೊಡುತ್ತಾರೆ. ಮತ್ತೆ ಸಂಜೆ ಅದೇ. ಮನೆಗೆ ಎರಡೋ ಮೂರೋ ಹಸು ಇರುವ ಊರಿನಲ್ಲಿ ಆ ಬಟ್ಟಲು ಅಂದರೆ ಆ ಮನೆಯ ಕೊಟ್ಟಿಗೆಯ ಮಾದರಿಯೇ. ಹಸುವಿಗೆ ಸೂಜಿ ಚುಚ್ಚುವುದು ಬೇಡ, ಡಾಕ್ಟ್ರು ಮನೆಮನೆ ಸುತ್ತುವುದು ಬೇಡ. ಆರು ತಿಂಗಳಿಗೆ ಒಂದು ಸಲ, ಆ ಬಟ್ಟಲಿನಿಂದ ಎರಡು ಚಮಚ ಹಾಲನ್ನು ಸದಸ್ಯರ ನಂಬರ್ ಬರೆದ ಸೀಸೆಗೆ ಹಾಕಿ ಹಾಲಿನ ಲಾರಿಯಲ್ಲೇ ಒಕ್ಕೂಟಕ್ಕೆ ಕಳಿಸಬಹುದು. ಊರಿನ ಹಾಲೆಲ್ಲ ಬೆರೆತ ದೊಡ್ಡ ಟ್ಯಾಂಕಿನಿಂದ ಮಾತ್ರ ತೆಗೆದರೆ ಒಂದು ಹಸುವಿನ ಸುಳಿವು ಅಷ್ಟು ಹಾಲಿನಲ್ಲಿ ಕರಗಿಹೋಗಬಹುದು, ಅದಕ್ಕೇ ಮನೆಮನೆಯ ಬಟ್ಟಲು ಅಂತ ಒತ್ತಿ ಹೇಳುತ್ತಿದ್ದೇನೆ. ನನಗೆ ತೋಚಿದ ಮಟ್ಟಿಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ.

ಪಾಸಿಟಿವ್ ಬಂದ ಮನೆಯಲ್ಲಿ ಮಾತ್ರ ಹಸು ಹಸುವಿನ ರಕ್ತ ನೋಡಿದರೆ ಸಾಕು. ಆಗ ಎರಡು ವಿಷಯ ನೆನಪಿಡಬೇಕು. ಗಿಣ್ಣು ಹಾಲಿನ ಮೂಲಕ ತಾಯಿಯ ಪ್ರತಿಕಾಯ ಕರುವಿಗೆ ಹೋಗಿರುತ್ತದೆ. ಹಾಗಾಗಿ ಆರು ತಿಂಗಳ ಒಳಗಿನ ಕರುವಿಗೆ ಎಲೈಸಾ ಮಾಡಿದರೆ ಸೋಂಕಿಲ್ಲದ ಕರುವೂ ಪಾಸಿಟಿವ್ ಅನ್ನಿಸಿಬಿಡುತ್ತದೆ, ಅದಕ್ಕೆ ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಇನ್ನು ಕರು ಹಾಕುವ ಹೊತ್ತಿನ ಹಸು. ಅದರ ರಕ್ತದ ಪ್ರತಿಕಾಯ ಕೆಚ್ಚಲಿಗೆ ಇಳಿದಿರುವುದರಿಂದ, ಕರು ಹಾಕುವ ಕೆಲವು ವಾರ ಮೊದಲು ಮತ್ತು ಹಾಕಿದ ಒಂದೆರಡು ವಾರ ರಕ್ತದಲ್ಲಿ ನೋಡಿದರೆ ನೆಗೆಟಿವ್ ಎಂದು ಮೋಸ ಹೋಗಬಹುದು. ಇದನ್ನು ಹಳ್ಳಿಯ ಮಟ್ಟದ ಸಿಬ್ಬಂದಿಗೆ ಹೇಳಿಕೊಡದೆ ಪರೀಕ್ಷೆ ಶುರು ಮಾಡಿದರೆ ತಪ್ಪು ವರದಿ ಬಂದು ಜನ ಪರೀಕ್ಷೆಯನ್ನೇ ನಂಬುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಕೋಪ ಬರಿಸಿದ ವಿಷಯ. ಈ ವೈರಸ್ ಗಾಳಿಯಲ್ಲಿ ಹಾರಿ ಬರುವುದಿಲ್ಲ, ಮುಖ್ಯವಾಗಿ ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕಚ್ಚುವ ದೊಡ್ಡ ನೊಣಗಳು ಹರಡುತ್ತವೆ, ತಾಯಿಯ ಹಾಲಿನಿಂದ, ಗರ್ಭದಲ್ಲೇ ಕೆಲವು ಕರುಗಳಿಗೆ ಬರುತ್ತದೆ, ಅದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಆದರೆ ಮನುಷ್ಯರೇ ಹರಡುವ ದಾರಿಗಳಿವೆ. ನಮ್ಮ ಬೀದಿಯಲ್ಲಿ ಲಸಿಕೆ ಹಾಕಲು ಬಂದಾಗ ಒಂದೇ ಸೂಜಿಯಲ್ಲಿ ಸಾಲಾಗಿ ಮನೆಮನೆಯ ಹಸುಗಳಿಗೆ ಚುಚ್ಚಿಕೊಂಡು ಹೋದದ್ದನ್ನು ನಾನು ನಿಂತು ನೋಡಿದ್ದೇನೆ. ಬೇರೆ ಸೂಜಿ ಹಾಕಿ ಅಂದೆ. ಇಷ್ಟೇ ಕೊಟ್ಟಿರೋದು ಅಕ್ಕಾ, ನಾವೇನು ಮಾಡೋದು ಅಂದ ಆ ಹುಡುಗ. ಅವನ ಡಬ್ಬಿ ತೆಗೆದು ತೋರಿಸಿದ, ನಿಜವಾಗಿಯೂ ಅಷ್ಟೇ ಇತ್ತು. ಗಬ್ಬ ಪರೀಕ್ಷೆಗೆ ಬರುವವರ ಉದ್ದನೆಯ ಕೈಗವಸು ಒಂದು ಮನೆಯಿಂದ ಇನ್ನೊಂದು ಮನೆಗೆ ನೀರಲ್ಲಿ ಅದ್ದಿಕೊಂಡು ಹೋಗುತ್ತದೆ. ಕಿವಿ ಓಲೆ ಹಾಕುವ ಇಕ್ಕಳಕ್ಕೆ ರಕ್ತ ಅಂಟಿದರೆ ಬಟ್ಟೆಯಲ್ಲಿ ಒರೆಸಿ ಮುಂದಿನ ಹಸುವಿನ ಕಿವಿಗೆ ಹಿಡಿಯುತ್ತಾರೆ. ಕೊಂಬು ತೆಗೆಯುವಾಗಲೂ ಹಾಗೇ.

ತಪ್ಪು ತಿಳಿಯಬೇಡಿ. ಲಸಿಕೆ ಬೇಕೇ ಬೇಕು. ಕಾಲುಬಾಯಿ ರೋಗ ಬಂದಾಗ ಏನಾಗುತ್ತದೆ, ಚರ್ಮಗಂಟು ರೋಗ ಬಂದ ವರ್ಷ ಏನಾಯಿತು ಅಂತ ನಾವು ಕಣ್ಣಾರೆ ಕಂಡಿದ್ದೇವೆ. ಈ ಪತ್ರ ಓದಿ ಯಾರೂ ಲಸಿಕೆ ತಂಡವನ್ನು ಬಾಗಿಲಿಂದ ವಾಪಸ್ ಕಳಿಸಬಾರದು. ನಾನು ಕೇಳುತ್ತಿರುವುದು ಲಸಿಕೆಯ ಬಾಟಲಿ ಎಣಿಸಿ ಕಳಿಸುವ ಹಾಗೆ ಸೂಜಿಯನ್ನೂ ಹಸುವಿಗೆ ಒಂದರಂತೆ ಎಣಿಸಿ ಕಳಿಸಿ, ಕೈಗವಸನ್ನೂ ಹಾಗೆಯೇ ಕೊಡಿ ಎಂದು. ಇಕ್ಕಳ ಅದ್ದುವುದಕ್ಕೆ ಒಂದು ಡಬ್ಬಿ ಸೋಂಕುನಾಶಕ ಕೊಡಿ. ಇದಕ್ಕೆ ಸಮಿತಿ, ಸಮೀಕ್ಷೆ ಏನೂ ಬೇಡ, ನಾಳೆಯಿಂದಲೇ ಮಾಡಬಹುದು. ರಕ್ತದಿಂದ ಹರಡುವ ಬೇರೆ ರೋಗಗಳಿಗೂ ಇದರಿಂದ ತಡೆ ಬೀಳುತ್ತದೆ.

ಪರೀಕ್ಷೆ ಮಾಡಿ ಪಾಸಿಟಿವ್ ಬಂದರೆ ಆ ಹಸುವನ್ನು ಏನು ಮಾಡುವುದು ಎಂಬ ಪ್ರಶ್ನೆ ನಿಮಗೂ ಬಂದಿರುತ್ತದೆ. ಯುರೋಪಿನ ದೇಶಗಳು ಪಾಸಿಟಿವ್ ಬಂದ ಹಸುಗಳನ್ನು ಹಿಂಡಿನಿಂದ ತೆಗೆದು ಕಸಾಯಿಖಾನೆಗೆ ಕಳಿಸಿದವು, ರೈತರಿಗೆ ಪರಿಹಾರ ಕೊಟ್ಟವು. ನಮ್ಮಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಇದೆ, ಮನೆಯ ಹಸು ಅನ್ನುವ ಭಾವನೆಯೂ ಇದೆ. ಆ ದಾರಿ ನಮಗೆ ಹೊಂದುವುದಿಲ್ಲ, ಬೇಕಾಗಿಯೂ ಇಲ್ಲ. ಪಾಸಿಟಿವ್ ಬಂದ ಹಸುವಿಗೆ ಕ್ಯಾನ್ಸರ್ ಇದೆ ಅಂತ ಅರ್ಥವೇ ಅಲ್ಲ, ಅದು ವರ್ಷಗಟ್ಟಲೆ ಹಾಲು ಕೊಡುತ್ತದೆ. ಅದನ್ನು ಕೊಟ್ಟಿಗೆಯ ಒಂದು ಬದಿಗೆ ಕಟ್ಟಿ, ಸೂಜಿ, ಸಲಕರಣೆ ಬೇರೆ ಇಟ್ಟು, ಅದರ ಹಾಲನ್ನು ಕಾಯಿಸದೆ ಬೇರೆ ಕರುಗಳಿಗೆ ಕುಡಿಸದೆ, ನೊಣ ಕಡಿಮೆ ಮಾಡಿಕೊಂಡರೆ ಹರಡುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಬಿಳಿಕಣ ಎಣಿಸಿ ನೋಡಿದರೆ ಯಾವ ಹಸುವಿನಿಂದ ಹರಡುವ ಅಪಾಯ ಜಾಸ್ತಿ ಅಂತಲೂ ತಿಳಿಯುತ್ತದೆ. ಒಂದೇ ಒಂದು ಹಸು ಇರುವ ಮನೆಯವರು ಬೇರೆ ಕಡೆ ಕಟ್ಟುವುದು ಎಲ್ಲಿಂದ, ಅವರಿಗೆ ಏನು ಸಹಾಯ ಅಂತ ನೀವೇ ಕೂತು ಯೋಚಿಸಬೇಕು.

ನನಗಿರುವ ದೊಡ್ಡ ಹೆದರಿಕೆ ಸಂತೆಯದ್ದು. ಇವತ್ತು ಪಾಸಿಟಿವ್ ಅಂತ ಚೀಟಿ ಬಂದರೆ ನಾಳೆ ಬೆಳಿಗ್ಗೆ ಆ ಹಸು ಸಂತೆಯಲ್ಲಿರುತ್ತದೆ. ಬಡತನದಲ್ಲಿ ಯಾರಾದರೂ ಹಾಗೇ ಮಾಡುತ್ತಾರೆ, ಬೈದು ಪ್ರಯೋಜನ ಇಲ್ಲ. ಆದ್ದರಿಂದ ಫಲಿತಾಂಶವನ್ನು ಡೇರಿಯ ಗೋಡೆಗೆ ಅಂಟಿಸಬೇಡಿ, ಮನೆಯವರಿಗೆ ಮಾತ್ರ ಹೇಳಿ. ಹಸುವಿನ ಕಿವಿ ಓಲೆಯಲ್ಲಿ 12 ಅಂಕಿಯ ನಂಬರ್ ಇದ್ದೇ ಇದೆ. ಕೊಳ್ಳುವವರು ಕೇಳಿದರೆ ಆ ನಂಬರಿನಲ್ಲಿ ಪರೀಕ್ಷೆಯ ವಿವರ ಡಾಕ್ಟ್ರ ಮೂಲಕ ಸಿಗುವ ಹಾಗೆ ಮಾಡಿ. ಪಾಸಿಟಿವ್ ಹಸುವನ್ನು ಮಾರದೆ ಇಟ್ಟುಕೊಂಡವರಿಗೆ ಏನಾದರೂ ನೆರವು ಕೊಡಿ. ಸಾಲ ಕೊಟ್ಟು, ಸಬ್ಸಿಡಿ ಕೊಟ್ಟು ಹೊರಗಿನಿಂದ ಹಸು ತರಿಸುವ ಯೋಜನೆಗಳಲ್ಲಿ, ಹಸು ಲಾರಿ ಹತ್ತುವ ಮೊದಲೇ ಈ ಪರೀಕ್ಷೆ ಕಡ್ಡಾಯ ಮಾಡಿ. ಹೊಸ ಹಸುವಿನ ಜೊತೆ ಹೊಸ ರೋಗವನ್ನೂ ಸರ್ಕಾರದ ದುಡ್ಡಲ್ಲೇ ಹಳ್ಳಿಗೆ ಇಳಿಸುವುದು ಯಾವ ನ್ಯಾಯ?

ಹಾಲು ಕುಡಿಯುವ ಪೇಟೆಯ ಜನ ಇದನ್ನು ಓದಿ ಗಾಬರಿಯಾಗಬಾರದು ಎಂದು ಒಂದು ಮಾತು. ಹಾಲು ಕಾಯಿಸಿದರೆ, ಪಾಶ್ಚರೀಕರಣ ಮಾಡಿದರೆ ಈ ವೈರಸ್ ಸಾಯುತ್ತದೆ. ಮನುಷ್ಯರಿಗೆ ಇದರಿಂದ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿಲ್ಲ, ಸಂಶೋಧನೆಗಳು ನಡೆದಿವೆ, ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಹಸಿ ಹಾಲು ಕುಡಿಯಬೇಡಿ ಎಂದು ನಾವು ಬ್ರುಸೆಲ್ಲಾ, ಕ್ಷಯದ ಕಾರಣಕ್ಕೆ ಮೊದಲಿನಿಂದಲೂ ಹೇಳುತ್ತಿದ್ದೇವೆ, ಅದೇ ಇಲ್ಲಿಗೂ ಸಾಕು. ಜನ ಹೆದರುತ್ತಾರೆ ಅಂತ ಪರೀಕ್ಷೆ ಮಾಡದೇ ಇರುವುದು ಸರಿಯಲ್ಲ. ಮಾಡಿ ನೋಡಿ, ರೋಗ ಬಹಳ ಕಡಿಮೆ ಇದೆ ಎಂದು ಗೊತ್ತಾದರೆ ನನ್ನಷ್ಟು ಸಂತೋಷಪಡುವವರು ಯಾರೂ ಇರುವುದಿಲ್ಲ. ಕಡಿಮೆ ಇರುವಾಗಲೇ ತಡೆಯುವುದು ಸುಲಭ, ಖರ್ಚೂ ಕಡಿಮೆ.

ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಿ ಅಂತ ನಾನು ಕೇಳುವುದಿಲ್ಲ. ಸೀಮೆಹಸು ಜಾಸ್ತಿ ಇರುವ ಒಂದು ತಾಲ್ಲೂಕು ಆರಿಸಿಕೊಳ್ಳಿ. ಅಲ್ಲಿಯ ಡೇರಿಗಳ ಬಟ್ಟಲಿನಿಂದ ಹಾಲು ತೆಗೆದು ಒಂದು ಸುತ್ತು ನೋಡಿ, ಬಂದ ಅಂಕಿ ಅಂಶವನ್ನು ಊರ ಹೆಸರು ಹಾಕದೆ ಪ್ರಕಟಿಸಿ. ಜೊತೆಗೆ, ಗ್ರಂಥಿ ಊದಿ ಸತ್ತ ಹಸುವಿನ ವರದಿ ಲಿಂಫೋಮಾ ಅಂತ ಬಂದಾಗ, ಅದೇ ಕೊಟ್ಟಿಗೆಯ ಉಳಿದ ಹಸುಗಳ ರಕ್ತವನ್ನು ಯಾರೂ ಕೇಳದಿದ್ದರೂ ಪರೀಕ್ಷೆ ಮಾಡಬೇಕು ಎಂದು ಒಂದು ಆದೇಶ ಹೊರಡಿಸಿ. ಒಬ್ಬರ ಮಾದರಿಗೆ ಕಿಟ್ ಒಡೆಯಲು ಆಗುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಹಾಗಾದರೆ ಜಿಲ್ಲೆಜಿಲ್ಲೆಯಿಂದ ಬಂದ ಮಾದರಿಗಳನ್ನು ಫ್ರೀಜರಿನಲ್ಲಿಟ್ಟು ತಿಂಗಳಿಗೊಮ್ಮೆ ಒಟ್ಟಿಗೆ ನೋಡಬಹುದಲ್ವಾ, ಸೀರಮ್ ಅಷ್ಟು ದಿನ ಕೆಡುವುದಿಲ್ಲ.

ಮೊದಲ ತಾಲ್ಲೂಕಾಗಿ ನಮ್ಮದನ್ನೇ ಆರಿಸಿಕೊಂಡರೆ ನಮ್ಮ ಊರಿನ ಡೇರಿ ಸಿದ್ಧವಾಗಿದೆ. ಕಾರ್ಯದರ್ಶಿಯವರ ಜೊತೆ ಮಾತಾಡಿದ್ದೇನೆ, ಹಾಲು ಹಾಕುವ ಹೆಂಗಸರೂ ಒಪ್ಪಿದ್ದಾರೆ. ಸೀಸೆ ಮತ್ತು ಐಸ್ ಡಬ್ಬಿ ಕಳಿಸಿದರೆ ಸಾಕು, ನಂಬರ್ ಬರೆದು ತುಂಬಿಸಿ ಲಾರಿಗೆ ಇಡುವ ಕೆಲಸ ನಾವೇ ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಹಾಲು ಉತ್ಪಾದಕರ ಸಂಘದ ಒಬ್ಬ ಸದಸ್ಯೆ